ಹೊನ್ನಾವರ: ಕಡಲು, ಕಾಂಡ್ಲಾ ವನ, ಶರಾವತಿಯ ಅಳಿವೆ – ಘಟ್ಟದ ಮೇಲಿನ ಪ್ರವಾಸಿಗರಿಗೊಂದು ಪರಿಚಯ

ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಪಟ್ಟಣವು ಶರಾವತಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಉತ್ತರ ದಂಡೆಯ ಮೇಲಿದೆ. ನದಿಯ ಆಚೆ ದಡದಲ್ಲಿ ಕಾಸರಕೋಡು. ಎರಡರ ನಡುವೆ ವಿಶಾಲವಾಗಿ ಹರಡಿಕೊಂಡ ನೀರು, ನೀರಿನ ಮಧ್ಯೆ ತೆಂಗು ತುಂಬಿದ ಕುರ್ವೆಗಳು, ಅಂಚಿನಲ್ಲಿ ಕಾಂಡ್ಲಾ ಗಿಡಗಳ ಹಸಿರು. ರಾಷ್ಟ್ರೀಯ ಹೆದ್ದಾರಿ 66ರ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವವರಿಗೆ ಇದೆಲ್ಲ ಎರಡು ನಿಮಿಷದ ನೋಟ ಮಾತ್ರ.

ಡಿಸೆಂಬರ್ ಬಂತೆಂದರೆ ಗದಗ, ಧಾರವಾಡ, ಹಾವೇರಿ, ಕೊಪ್ಪಳ ಕಡೆಯಿಂದ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಕರಾವಳಿಗೆ ಇಳಿಯುತ್ತವೆ. ಜೋಗ, ಇಡಗುಂಜಿ, ಮುರುಡೇಶ್ವರ, ಗೋಕರ್ಣ ಇಷ್ಟನ್ನು ಎರಡು ದಿನಗಳಲ್ಲಿ ಮುಗಿಸಿ ಮರಳುವುದು ವಾಡಿಕೆ. ಈ ನಾಲ್ಕೂ ಸ್ಥಳಗಳಿಗೆ ನಡುವಿನ ಊರಾದ ಹೊನ್ನಾವರದಲ್ಲಿ ಚಹಾಕ್ಕಷ್ಟೇ ನಿಲ್ಲುತ್ತಾರೆ. ಇದು ಪ್ರವಾಸಿಗರಿಗೇ ಆಗುವ ನಷ್ಟ. ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಕುಟುಂಬವೊಂದು ಮೊದಲ ಬಾರಿಗೆ ಸಮುದ್ರ ನೋಡಲು ಬರುವುದಾದರೆ, ಒಂದು ಪೂರ್ತಿ ದಿನವನ್ನು ಇಲ್ಲಿಗೇ ಮೀಸಲಿಡುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಇಲ್ಲಿ ನದಿ, ಅಳಿವೆ, ಕಡಲು ಮೂರನ್ನೂ ಒಂದೇ ದಿನ ನೋಡಬಹುದು. ಈ ಮೂರು ನೀರಿನ ಸ್ವಭಾವವೂ ಬೇರೆ ಬೇರೆ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ. ಅದು ತಿಳಿಯದೆ ನೀರಿಗಿಳಿದವರಿಗೆ ಏನಾಗಿದೆ ಎಂಬುದನ್ನು ಮುಂದೆ ಹೇಳಲಿದ್ದೇವೆ.

ಶರಾವತಿ

ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯ ಉದ್ದ 128 ಕಿ.ಮೀ. ಜೋಗದಲ್ಲಿ 253 ಮೀಟರ್ ಧುಮುಕಿ, ಗೇರುಸೊಪ್ಪೆಯ ಬಳಿ ಬಯಲಿಗೆ ಬಂದ ಮೇಲೆ ನದಿಯು ತನ್ನ ಆರ್ಭಟವನ್ನೆಲ್ಲ ಮರೆತು ನಿಧಾನವಾಗುತ್ತದೆ. ಗೇರುಸೊಪ್ಪೆಯಿಂದ ಹೊನ್ನಾವರದವರೆಗಿನ ಈ ಭಾಗದಲ್ಲಿ ದೋಣಿ ಸಂಚಾರ ಹಿಂದಿನಿಂದಲೂ ಇತ್ತು. ರಸ್ತೆ ಇಲ್ಲದ ಕಾಲದಲ್ಲಿ ಜೋಗ ನೋಡಲು ಹೊರಟವರು ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯಲ್ಲಿ ಇಳಿದು ಘಟ್ಟ ಹತ್ತುತ್ತಿದ್ದರು. ಅದಕ್ಕೂ ಹಿಂದೆ, 16ನೇ ಶತಮಾನದಲ್ಲಿ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನಾಡಿನ ಕಾಳುಮೆಣಸು ಕಡಲಿಗೆ ಬರುತ್ತಿದ್ದುದೂ ಈ ಕಡೆಗೇ. ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. ಮುಳಗುಂದದ ಬಸದಿಗಳನ್ನು ನೋಡಿ ಬೆಳೆದವರು ಸಮಯವಿದ್ದರೆ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನು ತಪ್ಪದೆ ನೋಡಬೇಕು. ಕಾಡಿನ ನಡುವೆ, ನಾಲ್ಕು ದಿಕ್ಕಿಗೂ ಬಾಗಿಲಿರುವ ಕಲ್ಲಿನ ಬಸದಿ ಅದು.

ಇಂದು ನಾವು ಕಾಣುವ ಶರಾವತಿ ಮಾತ್ರ ಹಿಂದಿನ ಶರಾವತಿಯಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಂತರ ಗೇರುಸೊಪ್ಪೆಯಲ್ಲೂ ಒಂದು ಅಣೆಕಟ್ಟಾಯಿತು. ವಿದ್ಯುತ್ ಉತ್ಪಾದನೆ ಮುಗಿಸಿದ ನೀರು ಬೇಸಿಗೆಯಲ್ಲೂ ನದಿಗೆ ಬರುತ್ತದೆ. ಬೇರೆ ಹೊಳೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪುನೀರು ಒಳಗಿನವರೆಗೂ ನುಗ್ಗಿದರೆ, ಇಲ್ಲಿ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಉಪ್ಪಿನ ಅಂಶ ಕಡಿಮೆಯಾದುದರಿಂದ ಉಪ್ಪನ್ನೇ ನಂಬಿದ ಕಾಂಡ್ಲಾ ಗಿಡಗಳು, ಚಿಪ್ಪುಮೀನುಗಳು ಇಲ್ಲಿ ಸೊರಗಿವೆ ಎಂದು ನದಿಯನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ಹೇಳಿದ್ದಾರೆ. ಹೋಲಿಸಿ ನೋಡಬೇಕೆಂದರೆ ಉತ್ತರಕ್ಕೆ ಕುಮಟಾ ತಾಲೂಕಿನ ಅಘನಾಶಿನಿಗೆ ಹೋಗಬೇಕು. ಅಣೆಕಟ್ಟೇ ಇಲ್ಲದ ನದಿ ಅದು. ಇಳಿತದ ವೇಳೆ ನೂರಾರು ಜನ ಸೊಂಟದ ನೀರಿನಲ್ಲಿ ನಿಂತು ಚಿಪ್ಪು ಹೆಕ್ಕುವುದನ್ನು ಅಲ್ಲಿ ಕಾಣಬಹುದು.

ಗದಗ ಜಿಲ್ಲೆಯವರಿಗೆ ಇಲ್ಲೊಂದು ಸಂತೋಷದ ಸಂಗತಿ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯು ಅಂತಾರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದಾಗ, ಅದರ ಜೊತೆಯಲ್ಲೇ ಸೇರಿದ ಮತ್ತೊಂದು ತಾಣ ಗದಗ ಜಿಲ್ಲೆಯ ಮಾಗಡಿ ಕೆರೆ. ಚಳಿಗಾಲದಲ್ಲಿ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಕಂಡವರಿಗೆ, ಹಕ್ಕಿ ನೋಡಲು ಅಳಿವೆಗೆ ಏಕೆ ಹೋಗಬೇಕು ಎಂದು ವಿವರಿಸಬೇಕಾಗಿಲ್ಲ.

ಕಾಂಡ್ಲಾ ವನದ ನಡಿಗೆ

ಶರಾವತಿಯ ದಡದಲ್ಲಿ ಅರಣ್ಯ ಇಲಾಖೆಯು ಕಾಂಡ್ಲಾ ಗಿಡಗಳ ನಡುವೆ ಮರದ ಕಾಲುದಾರಿಯನ್ನು ನಿರ್ಮಿಸಿದೆ. ವಯಸ್ಸಾದವರೂ ನಿಧಾನವಾಗಿ ನಡೆಯಬಹುದು. ನೀರು ಇಳಿದಿರುವಾಗ ಹೋದರೆ ನೋಡಲು ಹೆಚ್ಚು ಸಿಗುತ್ತದೆ. ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಮೇಲೆದ್ದಿರುವ ಕಡ್ಡಿಗಳು ಉಪ್ಪಟ್ಟಿ ಗಿಡದ ಉಸಿರಾಟದ ಬೇರುಗಳು. ಕೆಸರಿನಲ್ಲಿ ಗಾಳಿ ಇಲ್ಲದ್ದರಿಂದ ಬೇರೇ ಮೇಲೆ ಬಂದು ಗಾಳಿ ತೆಗೆದುಕೊಳ್ಳುತ್ತದೆ. ಇನ್ನೊಂದು ಜಾತಿಯ ಗಿಡ ಕೊಡೆಯ ಕಡ್ಡಿಗಳಂತೆ ಕಾಂಡದಿಂದಲೇ ಬೇರುಗಳನ್ನು ಇಳಿಬಿಟ್ಟು ನಿಂತಿರುತ್ತದೆ. ಅದರಲ್ಲಿ ನುಗ್ಗೆಕಾಯಿಯಂತೆ ತೂಗುವುದು ಬರೀ ಕಾಯಿಯಲ್ಲ. ಬೀಜವು ಮರದಲ್ಲಿದ್ದಾಗಲೇ ಮೊಳೆತು ಉದ್ದವಾದ ಸಸಿ. ಅದು ಕಳಚಿ ಕೆಸರಿಗೆ ಬಿದ್ದು ಅಲ್ಲೇ ಬೇರೂರುತ್ತದೆ, ಇಲ್ಲವೇ ತೇಲಿ ಹೋಗಿ ಬೇರೆ ದಡ ಹಿಡಿಯುತ್ತದೆ. ಮಕ್ಕಳಿಗೆ ಇದನ್ನು ತೋರಿಸಿ ಹೇಳುವ ಶಿಕ್ಷಕರೊಬ್ಬರು ಜೊತೆಗಿದ್ದರೆ ವಿಜ್ಞಾನದ ಪಾಠವೊಂದು ಅಲ್ಲೇ ಮುಗಿಯುತ್ತದೆ. ಏಡಿಗಳು, ಕೆಸರಿನ ಮೇಲೆ ಕುಪ್ಪಳಿಸುವ ಪುಟ್ಟ ಮೀನುಗಳು, ಮಿಂಚುಳ್ಳಿ, ಬೆಳ್ಳಕ್ಕಿ, ಮೇಲೆ ಸುತ್ತುವ ಗರುಡ ಇವೆಲ್ಲ ಇಲ್ಲಿ ಸಾಮಾನ್ಯ. ದಯವಿಟ್ಟು ಸದ್ದು ಮಾಡಬೇಡಿ, ಚಿಪ್ಸ್ ಪೊಟ್ಟಣಗಳನ್ನು ಬಿಸಾಡಬೇಡಿ. ಇಳಿತದಲ್ಲಿ ಹೋದ ಪ್ಲಾಸ್ಟಿಕ್ ಉಬ್ಬರದಲ್ಲಿ ಅಲ್ಲಿಗೇ ಮರಳಿ ಬರುತ್ತದೆ.

ದೋಣಿ ವಿಹಾರಕ್ಕೆ ಸ್ಥಳೀಯ ದೋಣಿಗಳು ದೊರೆಯುತ್ತವೆ. ಮಾವಿನಕುರ್ವೆಯ ಸುತ್ತ ಸುತ್ತಿ, ಕಾಂಡ್ಲಾ ಗಿಡಗಳ ಸಂದಿಯಲ್ಲಿ ಹಾದು ಬರುವಾಗ ಕೊಂಕಣ ರೈಲ್ವೆಯ ಸೇತುವೆ ಕಾಣುತ್ತದೆ. 2,065 ಮೀಟರಿಗೂ ಹೆಚ್ಚು ಉದ್ದದ ಈ ಸೇತುವೆ ಕೊಂಕಣ ರೈಲು ಮಾರ್ಗದಲ್ಲೇ ಅತ್ಯಂತ ಉದ್ದವಾದುದು. ಬಾಡಿಗೆಯನ್ನು ಹತ್ತುವ ಮೊದಲೇ ಮಾತನಾಡಿಕೊಳ್ಳಿ. ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇದೆಯೇ ಎಂದು ಎಣಿಸಿ ನೋಡಿ. ಒಂದು ಕಡಿಮೆ ಇದ್ದರೂ ಆ ದೋಣಿ ಬೇಡ. ಸಂಜೆಯ ಹೊತ್ತು ಅಳಿವೆಯ ಬಾಯಿಯತ್ತ ಕರೆದೊಯ್ಯಲು ದೋಣಿಯವರನ್ನು ಒತ್ತಾಯಿಸುವುದು ಬೇಡ. ನದಿಯ ನೀರು ಮತ್ತು ಕಡಲ ಅಲೆ ಎದುರುಬದುರಾಗುವ ಜಾಗ ಅದು. ಮರಳಿನ ದಿಬ್ಬಗಳು ವರ್ಷ ವರ್ಷ ಜಾಗ ಬದಲಿಸುತ್ತವೆ. ಹುಟ್ಟಿನಿಂದ ಇಲ್ಲೇ ಇರುವ ಮೀನುಗಾರರೂ ಅಲ್ಲಿ ಎಚ್ಚರದಿಂದಲೇ ಸಾಗುತ್ತಾರೆ.

ಕಡಲತೀರಗಳು

ಕಾಸರಕೋಡಿನ ಇಕೋ ಬೀಚ್‌ಗೆ 2020ರಲ್ಲಿ ಅಂತಾರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆಯಿತು. ಆ ವರ್ಷ ದೇಶದ 8 ತೀರಗಳಿಗೆ ಈ ಮಾನ್ಯತೆ ಸಿಕ್ಕಿದ್ದು, ಕರ್ನಾಟಕದಿಂದ ಆಯ್ಕೆಯಾದುದು ಇದು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಗಾಳಿಮರಗಳ ನೆರಳು, ಶೌಚಾಲಯ, ಬಟ್ಟೆ ಬದಲಾಯಿಸುವ ಕೊಠಡಿ, ಕಾವಲು ಇರುವ ತೀರವಾದ್ದರಿಂದ ಕುಟುಂಬದವರಿಗೆ ನಾವು ಇದನ್ನೇ ಸೂಚಿಸುತ್ತೇವೆ. ದಕ್ಷಿಣಕ್ಕೆ ಅಪ್ಸರಕೊಂಡ. ಗುಡ್ಡದಿಂದ ಸಣ್ಣ ಜಲಪಾತ ಬೀಳುತ್ತದೆ, ಗುಡ್ಡದ ಮೇಲಿನಿಂದ ಕಡಲು ಕಾಣುತ್ತದೆ. ಮಳೆಗಾಲ ಮುಗಿದ ಒಂದೆರಡು ತಿಂಗಳು ಇಲ್ಲಿಗೆ ಹೋಗಲು ಸೂಕ್ತ. ಬೇಸಿಗೆಯಲ್ಲಿ ನೀರು ತೀರಾ ಕಡಿಮೆ. ಈ ಭಾಗದ ಕಡಲು ರಾಜ್ಯದ ಮೊದಲ ಕಡಲ ವನ್ಯಧಾಮವಾದ ಅಪ್ಸರಕೊಂಡ–ಮುಗಳಿ ವನ್ಯಧಾಮಕ್ಕೆ ಸೇರಿದೆ. ದೂರದಲ್ಲಿ ಕಾಣುವ ನಡುಗಡ್ಡೆ ಬಸವರಾಜದುರ್ಗ. ಕೆಳದಿ ಅರಸರ ಕಾಲದ ಕೋಟೆ ಅಲ್ಲಿದೆ.

ಅಳಿವೆಯ ಪಕ್ಕದ ಕಾಸರಕೋಡು ಟೊಂಕದ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ. ಮೀನುಗಾರ ಮಹಿಳೆಯರು ಮೀನು ಒಣಗಿಸುವುದೂ ಅಲ್ಲೇ. ಅದೇ ಜಾಗದಲ್ಲಿ ಖಾಸಗಿ ಬಂದರು ನಿರ್ಮಾಣದ ಯೋಜನೆಯಿದ್ದು, ಮೀನುಗಾರರು ಹಲವು ವರ್ಷಗಳಿಂದ ವಿರೋಧಿಸುತ್ತಾ ಬಂದಿದ್ದಾರೆ. ಪ್ರವಾಸಿಗರು ಅಲ್ಲಿ ಅಡ್ಡಾಡುವಾಗ ಇದು ಬರೀ ಫೋಟೋ ತೆಗೆಯುವ ಜಾಗವಲ್ಲ, ಹಲವು ಮನೆಗಳ ದುಡಿಮೆಯ ಅಂಗಳ ಎಂಬುದನ್ನು ಮನಸ್ಸಿನಲ್ಲಿಟ್ಟರೆ ಸಾಕು.

ನೀರಿಗಿಳಿಯುವ ಮುನ್ನ

2024ರ ಡಿಸೆಂಬರ್ 10ರಂದು, ಹೊನ್ನಾವರದ ದಕ್ಷಿಣಕ್ಕಿರುವ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಆ ಮಕ್ಕಳೂ ಕಡಲಿಲ್ಲದ ಊರಿನವರೇ. ಊರ ಬಾವಿಯಲ್ಲಿ, ಕೆರೆಯಲ್ಲಿ, ಮುಂಡರಗಿ ಕಡೆಯವರಾದರೆ ತುಂಗಭದ್ರೆಯಲ್ಲಿ ಈಜು ಕಲಿತವರಿಗೆ ಒಂದು ಅಭ್ಯಾಸವಿರುತ್ತದೆ: ನೀರು ಎಲ್ಲಿ ಶಾಂತವಾಗಿದೆಯೋ ಅಲ್ಲಿ ಇಳಿಯುವುದು. ಕಡಲಿನಲ್ಲಿ ಈ ಲೆಕ್ಕವೇ ತಲೆಕೆಳಗು.

ಅಲೆಗಳು ದಡಕ್ಕೆ ತಂದ ನೀರು ಮರಳಿ ಹೋಗಲು ಒಂದು ದಾರಿ ಬೇಕು. ಮರಳಿನ ದಿಬ್ಬಗಳ ನಡುವೆ ತಗ್ಗಿರುವಲ್ಲಿ ಅದು ಕಾಲುವೆಯಂತೆ ವೇಗವಾಗಿ ಹೊರಕ್ಕೆ ಹರಿಯುತ್ತದೆ. ಆ ತಗ್ಗಿನಲ್ಲಿ ಆಳ ಹೆಚ್ಚು, ಹಾಗಾಗಿ ಅಲೆ ಒಡೆಯುವುದಿಲ್ಲ, ನೊರೆ ಏಳುವುದಿಲ್ಲ. ಎರಡೂ ಬದಿ ಬಿಳಿ ನೊರೆಯಿದ್ದು ನಡುವೆ ಮಾತ್ರ ಕಪ್ಪಾಗಿ, ನಯವಾಗಿ ಕಾಣುವ ನೀರು ಈ ಸೆಳೆತದ ಗುರುತು. ಹೊಸಬರಿಗೆ ಅದೇ ಸುರಕ್ಷಿತ ಎನಿಸುತ್ತದೆ. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡಕ್ಕೆ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ಗಾಬರಿಯಾಗದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಎಡಕ್ಕೋ ಬಲಕ್ಕೋ ಈಜಿದರೆ ಸೆಳೆತದಿಂದ ಹೊರಬರಬಹುದು. ಆಮೇಲೆ ಅಲೆಯ ಜೊತೆ ದಡಕ್ಕೆ ಬರಬೇಕು. ಮುಳುಗುವವರನ್ನು ಕಂಡು ಈಜು ಬಾರದವರು ಹಾರಬಾರದು. ಹಗ್ಗ, ಖಾಲಿ ಕ್ಯಾನ್, ಚೆಂಡು, ತೇಲುವ ಏನನ್ನಾದರೂ ಎಸೆಯಿರಿ, ಕಾವಲುಗಾರರನ್ನು ಕೂಗಿ, 112ಕ್ಕೆ ಕರೆ ಮಾಡಿ.

ಅಳಿವೆಯ ಒಳಗಿನ ನೀರಿಗೂ ತನ್ನದೇ ನಿಯಮವಿದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಬೆಳಿಗ್ಗೆ ಮೊಣಕಾಲುದ್ದ ನೀರಿದ್ದ ಮರಳುದಿಬ್ಬ ಮಧ್ಯಾಹ್ನ ಮುಳುಗಿರಬಹುದು. ಇಳಿತದ ವೇಳೆ ನದಿಯೆಲ್ಲ ಕಡಲ ಕಡೆಗೆ ಎಳೆಯುತ್ತದೆ, ಮೇಲೆ ನೋಡಲು ಮಾತ್ರ ಕನ್ನಡಿಯಂತಿರುತ್ತದೆ. ಸಮಯ ತಿಳಿಯಲು ದೊಡ್ಡ ಉಪಾಯವೇನೂ ಬೇಡ. ಧಕ್ಕೆಯಲ್ಲಿ ಬಲೆ ಸರಿಪಡಿಸುತ್ತಾ ಕುಳಿತವರನ್ನು “ಅಣ್ಣಾ, ಈಗ ಭರತವೋ ಇಳಿತವೋ?” ಎಂದು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೆ ಇಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೇ ಮೀನುಗಾರಿಕೆ ನಿಷೇಧವಿರುತ್ತದೆ.

ಪಟ್ಟಣದ ಹಳೆಯ ಕಥೆ

14ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಅರಬ್ ಯಾತ್ರಿಕ ಇಬ್ನ್ ಬತೂತಾ, ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದಿದ್ದಾನೆ. ಇಂತಹದನ್ನು ಬೇರೆಲ್ಲೂ ಕಂಡಿಲ್ಲ ಎಂದು ಆತನಿಗೇ ಆಶ್ಚರ್ಯವಾಗಿತ್ತು. ಮುಂದೆ ಪೋರ್ಚುಗೀಸರು, ಕೆಳದಿಯವರು, ಹೈದರ್, ಟಿಪ್ಪು, ಇಂಗ್ಲಿಷರು ಈ ಬಂದರಿಗಾಗಿ ಕಾದಾಡಿದರು. ಕಲೆಯಲ್ಲಿ ಆಸಕ್ತಿಯುಳ್ಳವರು ಗುಣವಂತೆಯನ್ನು ನೆನಪಿಡಬೇಕು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ನೆಲೆ ಅದು.

ಬರುವ ದಾರಿ

ಗದಗದಿಂದ ಹುಬ್ಬಳ್ಳಿ, ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ, ಕುಮಟಾ ಮಾರ್ಗವಾಗಿ ಬಂದರೆ ಸುಮಾರು 250 ಕಿ.ಮೀ. ಲಕ್ಷ್ಮೇಶ್ವರ ಕಡೆಯವರು ಹಾವೇರಿ, ಶಿರಸಿ ಮೂಲಕ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರಬಹುದು. ಆದರೆ ರಸ್ತೆ ಕೆಲಸಕ್ಕಾಗಿ ಈ ಘಟ್ಟವನ್ನು ಮುಚ್ಚಿದ್ದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇನ್ನೂ ಆಗಿಲ್ಲ. ಆದ್ದರಿಂದ ಬಸ್ಸು, ಕಾರುಗಳೇ ಗತಿ. ಮಳೆಗಾಲದಲ್ಲಿ ಬರುವವರು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಪ್ರಾಣಹಾನಿಯಾದುದನ್ನು ನೆನಪಿಡಬೇಕು. ನೀವು ಬರುವ ದಾರಿ ಅದೇ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಸಮಯ ಎಲ್ಲ ರೀತಿಯಿಂದಲೂ ಅನುಕೂಲ.

ಊಟದ ಬಗ್ಗೆ ಒಂದು ಮಾತು. ಇಲ್ಲಿನ ಖಾನಾವಳಿಗಳಲ್ಲಿ ಕುಚಲಕ್ಕಿ ಅನ್ನ, ಮೀನುಸಾರು ಮುಖ್ಯ. ಖಡಕ್ ರೊಟ್ಟಿ ಹುಡುಕಿ ಬೇಸರಪಡುವ ಬದಲು ನಾಲ್ಕು ರೊಟ್ಟಿ ಕಟ್ಟಿಕೊಂಡೇ ಬನ್ನಿ, ಬಂಗಡೆ ಸಾರಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಮೀನು ತಿನ್ನದವರಿಗೆ ಶಾಕಾಹಾರಿ ಹೋಟೆಲುಗಳಿಗೆ ಕೊರತೆಯಿಲ್ಲ, ಜೊತೆಗೆ ಮುರುಗಲು ಹುಳಿಯ ಪಾನಕವೂ ಸಿಗುತ್ತದೆ. ಮರಳುವಾಗ ಒಣಮೀನು ಕೊಳ್ಳುವವರು ಎರಡು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿಸಿಕೊಳ್ಳಿ. ಹುಬ್ಬಳ್ಳಿ ಮುಟ್ಟುವವರೆಗೆ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತವರೂ ಇದ್ದಾರಲ್ಲ.