ವರ್ಷದ ಕಾಳು, ವರ್ಷದ ಖಾರ

ತಿಂಗಳ ಮೊದಲ ವಾರದಲ್ಲಿ ಚೀಟಿ ಬರೆದು ಕಿರಾಣಿ ಅಂಗಡಿಯಿಂದ ಅಡಿಗೆಯ ಸಾಮಾನು ತರಿಸುವ ಪದ್ಧತಿ ಸಂಬಳದ ನೌಕರಿಯ ಬೆನ್ನಿಗೆ ಬಂದದ್ದು. ಕೃಷ್ಣಾ ಘಟಪ್ರಭಾ ನದಿಗಳ ನಡುವಣ ನಾಡಿನಲ್ಲಿ, ರಾಯಬಾಗ ತಾಲೂಕಿನ ಅಲಖನೂರಿನಂತಹ, ಒಕ್ಕಲುತನವೇ ಬಾಳುವೆಯಾದ ಗ್ರಾಮಗಳಲ್ಲಿ, ಗೃಹಸಂಗ್ರಹಕ್ಕೆ ತಿಂಗಳೆಂಬ ಅಳತೆಯೇ ಇರಲಿಲ್ಲ; ಸುಗ್ಗಿಯಿಂದ ಸುಗ್ಗಿಯವರೆಗೆ ಎಷ್ಟು ಬಾಯಿಗೆ ಎಷ್ಟು ಜೋಳ, ಬಂದು ಹೋಗುವ ನಂಟರಿಗೆಷ್ಟು, ಬಿತ್ತನೆಗೆಷ್ಟು, ಆಯಗಾರರಿಗೆ ಕಣದಲ್ಲಿಯೇ ಅಳೆದು ಕೊಡತಕ್ಕದ್ದೆಷ್ಟು ಎಂಬುದನ್ನೆಲ್ಲ ರಾಶಿಯ ಮುಂದೆ ನಿಂತೇ ಎಣಿಸಿ ಮುಗಿಸುತ್ತಿದ್ದರು. ಹೊಸದಾಗಿ ಮನೆ ತುಂಬಿದ ಸೊಸೆಗೆ ಅತ್ತೆಯಾದವಳು, ರೊಟ್ಟಿ ಬಡಿಯುವುದನ್ನು ಕಲಿಸುವುದಕ್ಕೂ ಮೊದಲು, ಯಾವ ಗಡಿಗೆಯಲ್ಲಿ ಏನಿದೆ, ಅದು ಯಾವ ಹಬ್ಬದ ತನಕ ಬರಬೇಕು ಎಂಬುದನ್ನು ತೋರಿಸಿಕೊಡುತ್ತಿದ್ದಳು.

ಈ ಸಂಗ್ರಹದ ತಳಹದಿ ಬಿಳಿಜೋಳ. ಹಿಂಗಾರಿಯಲ್ಲಿ ಬಿತ್ತಿ, ಎರೆಮಣ್ಣಿನೊಳಗಿನ ಹಸಿಯನ್ನೂ ಚಳಿಗಾಲದ ಇಬ್ಬನಿಯನ್ನೂ ನೆಮ್ಮಿ ಬೆಳೆದು, ಮಾಘ ಫಾಲ್ಗುಣಗಳಲ್ಲಿ ಕಣಕ್ಕೆ ಬರುವ ಈ ಧಾನ್ಯವನ್ನು ನಿತ್ಯದ ಬಳಕೆಗೆ ಮಣ್ಣಿನ ವಾಡೆಗಳಲ್ಲಿ ತುಂಬಿ, ಮಿಕ್ಕುದನ್ನು ಹಗೇವಿಗೆ ಇಳಿಸುತ್ತಿದ್ದರು. ಹಗೇವೆಂದರೆ ನೀರು ಜಿನುಗದ ಗರಸು ನೆಲದಲ್ಲಿ ಅಗೆದ ಪಾತಾಳಕಣಜ: ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗಿನ ಒಡಲು ವಿಶಾಲ. ತಳಕ್ಕೂ ಸುತ್ತಲ ಗೋಡೆಗೂ ಒಣಹುಲ್ಲನ್ನು ಒತ್ತಿ, ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಸಿ, ಚಪ್ಪಡಿ ಕಲ್ಲೆಳೆದು ಮಣ್ಣು ಮೆತ್ತಿಬಿಟ್ಟರೆ ಒಳಗೆ ಗಾಳಿಯಾಡದೆ ಹುಳ ಬದುಕುತ್ತಿರಲಿಲ್ಲ. ವರ್ಷಗಳು ಕಳೆದರೂ ಕಾಳು ಉಣ್ಣುವಂತಿರುತ್ತಿತ್ತು. ಆದರೆ ಹುಳವನ್ನು ಕೊಲ್ಲುವ ಆ ಗಾಳಿಯೇ ಮನುಷ್ಯನನ್ನೂ ಕೊಲ್ಲಬಲ್ಲುದಾದ ಕಾರಣ, ಬಾಯಿ ತೆರೆದ ಮೇಲೆ ಬಹಳ ಹೊತ್ತು ಹಾಗೆಯೇ ಬಿಟ್ಟು, ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಯಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದನು. ಒಮ್ಮೆ ತೆರೆದ ಹಗೇವನ್ನು ಅರ್ಧಕ್ಕೆ ಮುಚ್ಚಿದರೆ ಉಳಿದ ಕಾಳು ಕೆಡುವುದರಿಂದ, ಮನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಹೆಚ್ಚಿನದನ್ನು ಕೇರಿಯವರಿಗೆ ಕಡಕ್ಕೆ ಅಳೆಯುವುದೂ ಉಂಟು. ಗೋಡೆಗೆ ತಾಗಿದ ಕಾಳಿಗೆ ಒಂದು ಬಗೆಯ ಮುಗ್ಗಲು ವಾಸನೆ. ಆ ರೊಟ್ಟಿಯನ್ನು ಹೊಗಳಿ ಉಂಡವರು ಯಾರೂ ಇರಲಾರರು.

ಇಷ್ಟೆಲ್ಲ ಶ್ರಮವೇಕೆ ಎಂಬುದಕ್ಕೆ ಉತ್ತರ 1876-78ರ ಬರಗಾಲದಲ್ಲಿದೆ. ಧಾತು ಈಶ್ವರ ಸಂವತ್ಸರಗಳ ಆ ಕ್ಷಾಮದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಅತ್ಯಂತ ದಾರುಣವಾಗಿ ನೊಂದವು. ಈ ಸೀಮೆಗೆ ಆಗ ಇನ್ನೂ ರೈಲು ಬಂದಿರಲಿಲ್ಲ. ದೂರದಲ್ಲಿ ಧಾನ್ಯವಿದ್ದರೂ ಅದನ್ನು ತರಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ನೆಲದೊಳಗೆ ಕಾಳಿದ್ದ ಮನೆ ಉಳಿಯಿತು, ಇಲ್ಲದ ಮನೆ ಗುಳೆ ಹೊರಟಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದುದಕ್ಕೆ ಈ ಬರದ ಭಯವೂ ಒಂದು ಕಾರಣ. ಮುಂದೆ ರಾಯಬಾಗ, ಚಿಂಚಲಿ, ಕುಡಚಿಗಳಲ್ಲಿ ಗಾಡಿ ನಿಲ್ಲುವಂತಾದ ಮೇಲೆ ಧಾನ್ಯ ಒಳಕ್ಕೂ ಬಂದಿತು, ಬೆಲೆ ಬಂದಾಗ ಹೊರಕ್ಕೂ ಹೋಯಿತು.

ಜೋಳದ ಜೊತೆಗೆ ತೊಗರಿ, ಹೆಸರು, ಮಡಿಕೆ, ಹುರುಳಿ, ಕಡಲೆಗಳು ಬೂದಿ ಬೆರೆತು, ಬೇವಿನ ಸೊಪ್ಪು ಹೊದ್ದು ಗಡಿಗೆಗಳಲ್ಲಿ ಕುಳಿತಿರುತ್ತಿದ್ದವು. ಎಣ್ಣೆಗೆ ಕುಸುಬಿ, ಹಿಂಡಿಗೆ ಗುರೆಳ್ಳು ಮತ್ತು ಅಗಸಿ, ಸಿಹಿಗೆ ಪೆಂಟೆ ಬೆಲ್ಲ. ಹೊಲದಲ್ಲಿ ಬೆಳೆಯದ ಮುಖ್ಯ ವಸ್ತುವೆಂದರೆ ಉಪ್ಪೊಂದೇ. ಅದು ಸಹ್ಯಾದ್ರಿಯ ಘಟ್ಟಗಳನ್ನು ಹತ್ತಿ ಕರಾವಳಿಯಿಂದ ಬರಬೇಕಾಗಿತ್ತು.

ಈ ಭಾಗದ ಅಡಿಗೆಯ ಪ್ರಾಚೀನತೆಯನ್ನು ಕೊಂಡಾಡುವವರು ಖಾರದ ಭರಣಿಯ ಮುಂದೆ ಸ್ವಲ್ಪ ತಡೆದು ನಿಲ್ಲುವುದೊಳ್ಳೆಯದು. ಚಾಲುಕ್ಯರ ಕಾಲದ ಚಾವುಂಡರಾಯನು 1025ರ ಸುಮಾರಿಗೆ ತನ್ನ ‘ಲೋಕೋಪಕಾರ’ದಲ್ಲಿ ಪಾಕವಿಚಾರವನ್ನು ಹೇಳಿದಾಗಲಾಗಲಿ, ಮುಂದಿನ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ರಾಜಭೋಜನವನ್ನು ವರ್ಣಿಸಿದಾಗಲಾಗಲಿ ಮೆಣಸಿನಕಾಯಿಯೆಂಬುದು ಈ ದೇಶದಲ್ಲಿರಲಿಲ್ಲ, ಅಂದಿನ ಖಾರವೆಲ್ಲ ಕರಿಮೆಣಸು, ಶುಂಠಿಗಳದು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ತುಗೀಜರ ಹಡಗುಗಳ ಕಾಲದಲ್ಲಿ ಅಮೆರಿಕ ಖಂಡದ ಈ ಗಿಡ ಇಲ್ಲಿಗೆ ಬಂದಿತು. ಶೇಂಗಾ, ಬಟಾಟೆ, ಗೋವಿನಜೋಳಗಳಿಗೂ ಅದೇ ಜನ್ಮಭೂಮಿ. ಇಂದು ಜವಾರಿ ಊಟವೆಂದು ಬಡಿಸುವ ತಾಟಿನಲ್ಲಿ ರೊಟ್ಟಿ, ಬೇಳೆ, ಗುರೆಳ್ಳ ಹಿಂಡಿಗಳು ಹಳೆಯ ವತನದಾರರು. ಕೆಂಪು ಖಾರವೂ ಶೇಂಗಾ ಹಿಂಡಿಯೂ ತಡವಾಗಿ ಬಂದು ಮನೆಯನ್ನೇ ಆಳತೊಡಗಿದವರು.

ಆ ಖಾರವನ್ನು ಮಾಡುವ ಕ್ರಮ ಮಾತ್ರ ಸಂಪೂರ್ಣವಾಗಿ ಈ ನೆಲದ್ದು. ಚೈತ್ರ ವೈಶಾಖಗಳ ಬಿಸಿಲಿನಲ್ಲಿ, ಉರಿಗೆ ಸಂಕೇಶ್ವರದ ಕಾಯಿ, ಬಣ್ಣಕ್ಕೆ ಬ್ಯಾಡಗಿಯ ಕಾಯಿ ಎಂದು ಎರಡನ್ನೂ ಕೂಡಿಸಿ, ಅಲುಗಾಡಿಸಿದರೆ ಒಳಗಿನ ಬೀಜ ಗಲಗಲಿಸುವ ತನಕ ಒಣಗಿಸಿ, ತೊಟ್ಟು ಬಿಡಿಸುವರು. ಕೊತ್ತಂಬರಿ ಬೀಜ, ಜೀರಿಗೆ, ಎಳ್ಳು, ಒಣಕೊಬ್ಬರಿ, ಲವಂಗ, ದಾಲ್ಚಿನ್ನಿಗಳನ್ನು ಒಂದೊಂದಾಗಿ ಬೇರೆ ಬೇರೆ ಹುರಿಯಬೇಕು. ಒಟ್ಟಿಗೆ ಸುರಿದರೆ ಎಳ್ಳು ಸೀದುಹೋಗುವಾಗಲೂ ಕೊತ್ತಂಬರಿ ಹಸಿಯಾಗಿಯೇ ಉಳಿಯುತ್ತದೆ. ಬಳಿಕ ಬೆಳ್ಳುಳ್ಳಿ, ಉಪ್ಪು ಸೇರಿಸಿ ಒಳಕಲ್ಲಿನಲ್ಲಿ ಕುಟ್ಟಿ, ಜರಡಿ ಹಿಡಿದು, ಭರಣಿಗೆ ಒತ್ತಿ ತುಂಬಿ, ನಡುನಡುವೆ ಇಂಗಿನ ಹರಳುಗಳನ್ನಿಟ್ಟು ಬಾಯಿಗೆ ಬಟ್ಟೆ ಕಟ್ಟುವರು. ನೆರೆಹೊರೆಯ ನಾಲ್ಕು ಮನೆಯ ಹೆಂಗಸರು ಸರದಿಯ ಮೇಲೆ ಕೈಗೂಡಿಸದೆ ಈ ಕೆಲಸ ಸಾಗುತ್ತಿರಲಿಲ್ಲ. ಸೀನು, ಕಣ್ಣೀರು, ಕೈಯುರಿ ಎಲ್ಲವೂ ಅವರ ಪಾಲಿನವೇ. ಖಾರ ಕುಟ್ಟುವ ಗಿರಣಿಗಳು ಬಂದು ಹಳೆಯ ರುಚಿ ಹೋಯಿತೆಂದು ಕೊರಗುವ ಗಂಡಸರು ಒಂದು ಹಗಲಾದರೂ ಆ ಒನಕೆ ಹಿಡಿದವರಲ್ಲ.

ವರ್ಷದ ಸಂಗ್ರಹವೆಂಬುದು ಎಲ್ಲರ ಭಾಗ್ಯವಾಗಿತ್ತೆಂದು ತಿಳಿಯುವುದೂ ತಪ್ಪು. ಹೊಲವಿಲ್ಲದ ಕೂಲಿಯವನ ಮನೆಯಲ್ಲಿ ಹಗೇವು ಎಲ್ಲಿಂದ ಬರಬೇಕು? ಸಂತೆಯ ದಿನ ಸೊಲಗೆಯಲ್ಲಿ ಅಳೆದು ತಂದ ಜೋಳ, ಚಿಟಿಕೆ ಖಾರ, ಉದ್ರಿ ಎಣ್ಣೆ, ಇವೇ ಅವನ ಉಗ್ರಾಣ. ವಾರದ ಲೆಕ್ಕದಲ್ಲಿ ಸಾಮಾನು ಕೊಳ್ಳುವ ಪದ್ಧತಿಯನ್ನು ಪೇಟೆಯವರಿಗಿಂತ ಮೊದಲೇ ಬಲ್ಲವನು ಅವನು. ಆದರೆ ಇತಿಹಾಸ ಬರೆಯುವವರು ವಾಡೆಗಳಿದ್ದ ಮನೆಯನ್ನೇ ಊರೆಂದು ಭಾವಿಸುತ್ತಾರೆ.

ಹಗೇವನ್ನು ಬರಿದು ಮಾಡಿದ್ದು ಬರವಲ್ಲ, ನೀರು. 1897ರಲ್ಲಿ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಕಟ್ಟಿದರು. 1939ರಲ್ಲಿ ಉಗಾರದ ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1977ರಲ್ಲಿ ಹಿಡಕಲ್ ಜಲಾಶಯ ಪೂರ್ಣಗೊಂಡಿತು. ಎಡದಂಡೆಯ ಕಾಲುವೆಯೂ ಕೊಳವೆಬಾವಿಯೂ ತಲುಪಿದ ಹೊಲಗಳಲ್ಲಿ ಜೋಳವಿದ್ದೆಡೆ ಕಬ್ಬು ಬಂದು, ಒಕ್ಕಲಿಗನ ಕೈಗೆ ಕಾಳಿನ ಬದಲು ಕಾರ್ಖಾನೆಯ ಬಿಲ್ಲು ಬರತೊಡಗಿತು. ಸೇರು ಸೊಲಗೆಗಳ ಸ್ಥಾನವನ್ನು 1958ರಿಂದ ಮೊದಲುಗೊಂಡು ಕಿಲೋ ಆಕ್ರಮಿಸಿದ್ದಿತು. 2013ರ ಅನ್ನಭಾಗ್ಯದಿಂದ ಪಡಿತರದ ಅಕ್ಕಿ ಇನ್ನಷ್ಟು ಸುಲಭವಾಯಿತು. ನೂರಾರು ಟನ್ ಕಬ್ಬು ಬೆಳೆಯುವವನು ತನ್ನ ರೊಟ್ಟಿಯ ಜೋಳವನ್ನು ಪೇಟೆಯಿಂದ ಚೀಲಗಟ್ಟಲೆ ಕೊಂಡು ತರುವುದು ಈಗ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಹಸಿವಿನ ಭಯ ಹೋದುದು ಸಣ್ಣ ಲಾಭವಲ್ಲ. ಆದರೂ ತನ್ನ ಅನ್ನವನ್ನು ತಾನೇ ಬೆಳೆಯುವ ಸ್ವಾತಂತ್ರ್ಯವನ್ನು ಈ ಸೀಮೆ ಬಹಳ ಅಗ್ಗವಾಗಿ ಮಾರಿಕೊಂಡಿತೆಂದೇ ನನ್ನ ಅಭಿಪ್ರಾಯ.

ಓದಿಗೆಂದೋ ನೌಕರಿಗೆಂದೋ ಬೆಳಗಾವಿ, ಪುಣೆಗಳಲ್ಲಿ ಕೋಣೆ ಹಿಡಿದು ಮೊದಲ ಬಾರಿಗೆ ಒಲೆ ಹೊತ್ತಿಸುವ ಈ ಕಡೆಯ ಮಕ್ಕಳಿಗೆ ಹಗೇವಿನ ಅಗತ್ಯವಿಲ್ಲ. ತೊಗರಿಬೇಳೆ, ಹೆಸರು, ಬೆಲ್ಲ, ಉಪ್ಪು, ಎಣ್ಣೆಗಳು ತಿಂಗಳಿಗಾಗುವಷ್ಟಿರಲಿ. ಶೇಂಗಾ ಹಿಂಡಿ ಊರಿನಿಂದ ಬರಲಿ. ಜೋಳದ ಹಿಟ್ಟನ್ನು ಮಾತ್ರ ವಾರಕ್ಕೆ ಸಾಲುವಷ್ಟೇ ಬೀಸಿಸಿಕೊಳ್ಳಿರಿ, ಹಳತಾದರೆ ಜಿಗಿ ಕಳೆದುಕೊಂಡು ರೊಟ್ಟಿಯ ಅಂಚು ಬಿರಿಯುತ್ತದೆ, ಆಗ ಕುದಿಯುವ ಎಸರು ಹೊಯ್ದು ನಾದುವುದೊಂದೇ ದಾರಿ. ಖಾರವನ್ನು ಮಳೆಗಾಲ ಹಿಡಿಯುವ ಮುನ್ನವೇ ಕುಟ್ಟಿಸಿ ಇಟ್ಟುಕೊಳ್ಳಿರಿ. ಮೃಗಶಿರಾ ಮಳೆ ಬಿದ್ದ ಮೇಲೆ ಕಾಯಿ ಮೆತ್ತಗಾಗುತ್ತದೆ, ಕುಟ್ಟಿದ ಪುಡಿ ಬಾಳುವುದಿಲ್ಲ.