ಬೆರಳು, ಮರಳು, ಮಗ್ಗಿ

1623ರ ನವೆಂಬರ್. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೊರಟಿದ್ದ. ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೋಗುತ್ತಿದ್ದ ಪೋರ್ಚುಗೀಸ್ ರಾಯಭಾರಿಯ ತಂಡದಲ್ಲಿ ಅವನೂ ಸೇರಿಕೊಂಡಿದ್ದ. ದಾರಿಯಲ್ಲಿ ಒಂದು ಗುಡಿಯ ಜಗಲಿ. ಅಲ್ಲಿ ನಾಲ್ವರು ಹುಡುಗರು ನೆಲದ ತುಂಬ ನಯವಾದ ಮರಳು ಹರವಿಕೊಂಡು ಲೆಕ್ಕ ಕಲಿಯುತ್ತಿದ್ದರು.

ಒಬ್ಬ ರಾಗವಾಗಿ ಮಗ್ಗಿ ಹೇಳುತ್ತ ಬೆರಳಿನಿಂದ ಅಂಕಿ ಬರೆಯುವುದು, ಉಳಿದವರು ಅದೇ ರಾಗದಲ್ಲಿ ಹೇಳುತ್ತ ಅದನ್ನೇ ಬರೆಯುವುದು. ಜಾಗ ತುಂಬಿದರೆ ಅಂಗೈಯಿಂದ ಸವರಿ ಅಳಿಸುವುದು. ಬೇಕಾದರೆ ಎದುರಿಗಿದ್ದ ಪುಟ್ಟ ಗುಡ್ಡೆಯಿಂದ ಇನ್ನಷ್ಟು ಮರಳು ಚೆಲ್ಲಿಕೊಳ್ಳುವುದು. ತಪ್ಪಾದರೆ ತಿದ್ದುವವರು ಯಾರು ಎಂದು ಆತ ಕೇಳಿದ. ನಾಲ್ವರೂ ಒಟ್ಟಿಗೆ ಮರೆಯುವುದುಂಟೇ ಎಂಬರ್ಥದ ಉತ್ತರ ಸಿಕ್ಕಿತು. ಕಾಗದವೂ ಖರ್ಚಾಗದ, ಗುರುವೂ ಬೇಕಿಲ್ಲದ ಈ ಪಾಠ ಅವನಿಗೆ ಎಷ್ಟು ಹಿಡಿಸಿತೆಂದರೆ ಇಕ್ಕೇರಿಯಿಂದ ಬರೆದ ಪತ್ರದಲ್ಲಿ ಅದನ್ನು ವಿವರವಾಗಿ ದಾಖಲಿಸಿದ. ರಾಜರ ಆಸ್ಥಾನ ನೋಡಲು ಬಂದವನು ಜಗಲಿಯ ಮಕ್ಕಳ ಮುಂದೆ ನಿಂತದ್ದು ನಮ್ಮ ಪುಣ್ಯ.

ಆ ಹುಡುಗರು ಹೊಸದೇನನ್ನೂ ಮಾಡುತ್ತಿರಲಿಲ್ಲ. ಹಲಗೆಯ ಮೇಲೆ ಧೂಳು ಹರವಿ, ಅಂಕಿ ಬರೆದು, ಅಳಿಸಿ, ಮತ್ತೆ ಬರೆದು ಲೆಕ್ಕ ಮಾಡುವ ರೀತಿಗೆ ಸಂಸ್ಕೃತದಲ್ಲಿ ಧೂಳೀಕರ್ಮ ಎಂಬ ಹೆಸರೇ ಇತ್ತು. ಅದು ಅರಬರ ನಾಡಿಗೂ ಹೋಯಿತು. 952ರ ಸುಮಾರಿಗೆ ಡಮಾಸ್ಕಸ್‌ನಲ್ಲಿ ಅಲ್ ಉಕ್ಲಿದಿಸಿ ಎಂಬ ಗಣಿತಜ್ಞ, ಧೂಳಿನ ಹಲಗೆ ಬಿಟ್ಟು ಕಾಗದ ಮತ್ತು ಶಾಯಿಯಲ್ಲಿ ಲೆಕ್ಕ ಮಾಡುವ ದಾರಿ ತೋರಿಸಲು ಒಂದು ಗ್ರಂಥವನ್ನೇ ಬರೆದ.

ಕನ್ನಡ ಸೀಮೆಯಲ್ಲಿ ಮಾತ್ರ ಮರಳು ಅಷ್ಟು ಸುಲಭವಾಗಿ ಜಾಗ ಬಿಡಲಿಲ್ಲ. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಮದರಾಸ್ ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳು, 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಊರ ಮೇಷ್ಟರಾದ ಐಗಳ ಮುಂದೆ ಕೂತ ಮಗು ಮೊದಲು ನೆಲದ ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದಬೇಕು. ಓಲೆಗರಿ, ಅದರ ಮೇಲೆ ಕೊರೆಯುವ ಕಂಠ, ಕಪ್ಪು ಬಳಿದ ಬಟ್ಟೆಯ ಕಡತ, ಬಳಪ ಎಲ್ಲ ಆಮೇಲಿನ ಮಾತು. ಕಲಿತ ಹುಡುಗರೇ ಕಲಿಯದವರಿಗೆ ಹೇಳಿಕೊಡುವ ಈ ಅಗ್ಗದ ಪದ್ಧತಿಯನ್ನು ಇಂಗ್ಲೆಂಡ್ ಅನುಕರಿಸಿದ್ದು ಸರಿಯಾಗಿಯೇ ಇದೆ ಎಂದೂ ಕ್ಯಾಂಬೆಲ್ ಒಪ್ಪಿಕೊಂಡ. ಇದೇ ವರದಿಯಲ್ಲಿ ಇಲ್ಲಿನ ಶಾಲೆಗಳು ಬಡತನದಿಂದ ಸೊರಗುತ್ತಿವೆ ಎಂಬ ಕೊರಗೂ ಇದೆ. ಇತಿಹಾಸಕಾರ ಧರಂಪಾಲ್ 1983ರಲ್ಲಿ ಪ್ರಕಟಿಸಿದ ಸಂಕಲನದಲ್ಲಿ ಈ ವರದಿಯನ್ನು ಪೂರ್ತಿಯಾಗಿ ಓದಬಹುದು.

ಇಂಗ್ಲೆಂಡಿಗೆ ಮರಳು ಹೋದ ದಾರಿ ಗೊತ್ತಿರುವಂಥದ್ದೇ. 1789ರಲ್ಲಿ ಮದರಾಸಿನ ಎಗ್ಮೋರ್‌ನಲ್ಲಿ ಅನಾಥ ಗಂಡುಮಕ್ಕಳ ಶಾಲೆಯ ಹೊಣೆ ಹೊತ್ತ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರ್ಯೂ ಬೆಲ್, ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ನೋಡಿ ತನ್ನ ಶಾಲೆಗೂ ಅದನ್ನು ತರಲು ಹೊರಟ. ಮೇಷ್ಟರುಗಳು ಮನಸ್ಸು ಮಾಡಲಿಲ್ಲ. ಬೆಲ್ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೆ ಆ ಕೆಲಸ ಒಪ್ಪಿಸಿದ. ಹುಡುಗ ಮಾಡಿ ತೋರಿಸಿದ. 1797ರಲ್ಲಿ ಲಂಡನ್ನಿನಲ್ಲಿ ಬೆಲ್ ಬರೆದ ಪುಸ್ತಕ ಅಚ್ಚಾಯಿತು, ‘ಮದರಾಸ್ ಪದ್ಧತಿ’ ಹೆಸರಾಯಿತು. ಅವನ ಎದುರಾಳಿ ಜೋಸೆಫ್ ಲ್ಯಾಂಕಾಸ್ಟರನ ಶಾಲೆಗಳಲ್ಲೂ ಚಿಕ್ಕ ಮಕ್ಕಳಿಗೆ ಮರಳಿನ ಮೇಜೇ. ಕಪ್ಪು ಬಳಿದ ಹಲಗೆ, ಅದರ ಮೇಲೆ ತೆಳ್ಳಗೆ ಬಿಳಿ ಮರಳು. ಬೆರಳು ಎಳೆದಲ್ಲಿ ಕಪ್ಪು ಅಕ್ಷರ ಮೂಡುತ್ತಿತ್ತು. ಇವರಿಬ್ಬರ ಕಡೆಯವರು ಪದ್ಧತಿ ಯಾರದೆಂದು ವರ್ಷಗಟ್ಟಲೆ ಜಗಳವಾಡಿದರು. ಇಬ್ಬರಿಗೂ ಬಹಳ ಮೊದಲೇ ಗುಡಿಯ ಜಗಲಿಯಲ್ಲಿ ಮಗ್ಗಿ ಹಾಡುತ್ತಿದ್ದವರು ಆ ಲೆಕ್ಕಕ್ಕೇ ಬರಲಿಲ್ಲ.

ಸ್ಲೇಟು, ನೋಟುಬುಕ್ಕು ಬಂದ ಮೇಲೆ ಮರಳು ಶಾಲೆ ಬಿಟ್ಟಿತು. ತಿರುಗಿ ಬಂದದ್ದು ಚಿತ್ರವಾಗಿ. ಅಮೆರಿಕದ ಕ್ಯಾರೊಲಿನ್ ಲೀಫ್ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ, 1968ರ ಹೊತ್ತಿಗೆ, ದೀಪವಿಟ್ಟ ಗಾಜಿನ ಮೇಲೆ ಮರಳು ಸರಿಸಿ ಸರಿಸಿ ಒಂದೊಂದೇ ಚೌಕಟ್ಟು ಸೆರೆಹಿಡಿದು ಸಿನಿಮಾ ಮಾಡಿದರು. 2009ರಲ್ಲಿ ಉಕ್ರೇನಿನ ಕ್ಸೇನಿಯಾ ಸಿಮೊನೊವಾ ಟಿವಿ ವೇದಿಕೆಯಲ್ಲಿ ಯುದ್ಧದ ಕಥೆಯನ್ನು ಮರಳಿನಲ್ಲೇ ಹೇಳಿ ಗೆದ್ದರು. ಕರ್ನಾಟಕದಲ್ಲಿ ರಾಘವೇಂದ್ರ ಹೆಗಡೆ ಈ ಕಲೆಯನ್ನು ವೇದಿಕೆಗೆ ತಂದವರು. ಮುಷ್ಟಿಯಿಂದ ಮರಳು ಸುರಿದು, ಬೆರಳಿನಿಂದ ಬಿಡಿಸಿ, ಒಂದು ಮುಖವನ್ನು ಅಳಿಸುತ್ತಲೇ ಇನ್ನೊಂದನ್ನು ಮೂಡಿಸುತ್ತಾರೆ.

ಮನೆಯಲ್ಲೂ ಇದನ್ನು ಮಾಡಬಹುದು. ಅಂಚು ಕಟ್ಟಿದ ಗಾಜು, ಕೆಳಗೊಂದು ಎಲ್‌ಇಡಿ ದೀಪ, ಬೆಳಕು ಹರಡಲು ನಡುವೆ ತೆಳುವಾದ ಬಿಳಿ ಕಾಗದ. ಸರಂಜಾಮು ಇಷ್ಟೇ, ಪಾಡೆಲ್ಲ ಮರಳಿನದು. ತೊಳೆದು, ಒಣಗಿಸಿ, ಹಿಟ್ಟಿನ ಜರಡಿಯಲ್ಲಿ ಸೋಸಿದ್ದಾಗಬೇಕು. ಕೊಡಗಿನ ತಿತಿಮತಿಯಂಥ ಊರಿನಲ್ಲಿ ಜೂನ್ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ, ಮರಳಿನ ಮಾತು ದೂರ. ಪಸೆ ಇರುವ ಮರಳು ಬೆರಳಿಗೆ ಅಂಟಿ ಗಂಟುಗಟ್ಟುತ್ತದೆ, ಗೆರೆಯ ಅಂಚು ಒಡೆಯುತ್ತದೆ. ಹಳೇ ಬಾಣಲೆಯಲ್ಲಿ ಹುರಿದು, ಆರಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತುಂಬಿಡುವುದೊಂದೇ ದಾರಿ. ಹೊಳೆಮರಳು ಸಿಗದೆ ಎಂ-ಸ್ಯಾಂಡ್ ತಂದರೆ ಬೇರೆ ತೊಂದರೆ: ಕಲ್ಲು ಒಡೆದು ಮಾಡಿದ ಅದರ ಕಣಗಳಿಗೆ ಮೂಲೆಗಳಿರುತ್ತವೆ, ಅವು ಸರಾಗವಾಗಿ ಜಾರುವುದಿಲ್ಲ, ಗಾಜಿನ ಮೇಲೂ ಗೀರು ಬೀಳುತ್ತದೆ.