ಆದ್ಯತೆಯೋ ಸರತಿಯೋ: ಮನೆಯ ರೌಟರಿನಲ್ಲಿ ವಿಳಂಬದ ನಿರ್ವಹಣೆ

ಮನೆಬಳಕೆಯ ಬಹುತೇಕ ರೌಟರುಗಳ ಸೆಟ್ಟಿಂಗ್ ಪುಟದಲ್ಲಿ ಕ್ಯೂಓಎಸ್ (ಸೇವೆಯ ಗುಣಮಟ್ಟ) ಎಂಬ ವಿಭಾಗ ಇರುತ್ತದೆ. ಮನೆಯಲ್ಲಿರುವ ಸಾಧನಗಳ ಪಟ್ಟಿ ಕೊಟ್ಟು, ಟಿವಿಗೆ ಹೆಚ್ಚು, ಲ್ಯಾಪ್‌ಟಾಪಿಗೆ ಮಧ್ಯಮ, ಉಳಿದವಕ್ಕೆ ಕಡಿಮೆ ಎಂದು ಆದ್ಯತೆ ಗುರುತಿಸಲು ಅದು ಹೇಳುತ್ತದೆ. ಹಾಗೆ ಮಾಡಿದರೆ ವಿಡಿಯೊ ನಿಲ್ಲುವುದಿಲ್ಲ, ಕರೆ ಕಡಿಯುವುದಿಲ್ಲ ಎಂಬುದು ಭರವಸೆ. ಅದು ಪೂರ್ತಿ ಈಡೇರುವುದು ಅಪರೂಪ. ಯಾರು ಮುಂದೆ ಹೋಗಬೇಕು ಎಂದು ಕೇಳುವ ಮೊದಲು ಸರತಿ ಎಲ್ಲಿ ಬೆಳೆಯುತ್ತಿದೆ, ಎಷ್ಟು ಉದ್ದ ಬೆಳೆಯಲು ಬಿಟ್ಟಿದ್ದೇವೆ ಎಂದು ಕೇಳಬೇಕು ಎಂಬುದು ಈ ಲೇಖನದ ವಾದ. ಸರತಿ ಗಿಡ್ಡವಾಗಿದ್ದರೆ ಆದ್ಯತೆಯ ಪಟ್ಟಿಗೆ ಉಳಿಯುವ ಕೆಲಸ ಬಹಳ ಕಡಿಮೆ.

ವಿಡಿಯೊ ಮತ್ತು ಕರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದಲೇ ಗೊಂದಲ ಶುರುವಾಗುತ್ತದೆ. ಯೂಟ್ಯೂಬ್, ನೆಟ್‌ಫ್ಲಿಕ್ಸ್‌ಗಳ ವಿಡಿಯೊ ಕೆಲವು ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಮುಂದೆ ಬೇಕಾಗುವ ತುಣುಕುಗಳನ್ನು ನೋಡುಗರ ಸಾಧನ ಮೊದಲೇ ತರಿಸಿ ಇಟ್ಟುಕೊಂಡಿರುತ್ತದೆ. ಒಂದು ತುಣುಕು ಅರ್ಧ ಸೆಕೆಂಡು ತಡವಾದರೂ ತೆರೆಯ ಮೇಲೆ ಏನೂ ಕಾಣುವುದಿಲ್ಲ. ಕ್ರಿಕೆಟ್ ನೇರಪ್ರಸಾರದಲ್ಲೂ ಹೀಗೇ: ಪಕ್ಕದ ಮನೆಯ ಕೇಬಲ್ ಟಿವಿಯಲ್ಲಿ ವಿಕೆಟ್ ಬಿದ್ದ ಕೂಗು ಕೇಳಿದ ಮೇಲೆ ನಮ್ಮ ಮೊಬೈಲಿನಲ್ಲಿ ಬೌಲರ್ ಓಡಿಬರುತ್ತಾನೆ. ಆ ಅಂತರದಲ್ಲಿ ಒಂದು ಪಾಲು ಹೀಗೆ ಕೂಡಿಟ್ಟ ದಾಸ್ತಾನಿನದು. ವಿಡಿಯೊಗೆ ಬೇಕಾದದ್ದು ಸರಾಸರಿ ವೇಗದಲ್ಲಿ ನ್ಯಾಯವಾದ ಪಾಲು, ಅಷ್ಟೇ.

ಕರೆಯ ಲೆಕ್ಕ ಬೇರೆ. 2012ರಲ್ಲಿ ಆರ್‌ಎಫ್‌ಸಿ 6716 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾದ, ಧ್ವನಿ ಸಂಕುಚಿಸುವ ಓಪಸ್ ಕೋಡೆಕ್ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಧ್ವನಿಯನ್ನು ಒಂದು ಪ್ಯಾಕೆಟ್ ಮಾಡುತ್ತದೆ, ಅಂದರೆ ಸೆಕೆಂಡಿಗೆ 50. ಧ್ವನಿಯನ್ನು 32 ಕೆಬಿಪಿಎಸ್‌ಗೆ ಸಂಕುಚಿಸಿದರೆ ಒಂದೊಂದರಲ್ಲೂ 80 ಬೈಟ್ ಮಾತು, 40 ಬೈಟ್ ವಿಳಾಸ ಮತ್ತಿತರ ತಲೆಬರಹ. ಒಟ್ಟು 48 ಕೆಬಿಪಿಎಸ್. 10 ಎಂಬಿಪಿಎಸ್ ಅಪ್‌ಲೋಡ್ ಇರುವ ಸಂಪರ್ಕದಲ್ಲಿ ಇದು ಶೇ 0.5ನ್ನೂ ಮುಟ್ಟುವುದಿಲ್ಲ. ಕರೆಗೆ ಬ್ಯಾಂಡ್‌ವಿಡ್ತ್ ಸಾಲದು ಎಂಬ ದೂರಿಗೆ, ಧ್ವನಿಯ ಮಟ್ಟಿಗಂತೂ, ಆಧಾರವಿಲ್ಲ. ಅದಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಸಿಗುವ ಸರದಿ. ಬಾಯಿಂದ ಕಿವಿಗೆ ಒಮ್ಮುಖ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸಹಜವಾಗಿರುತ್ತದೆ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ಬೆಂಗಳೂರಿನ ತಾಯಿ ಕ್ಯಾಲಿಫೋರ್ನಿಯಾದ ಮಗಳೊಂದಿಗೆ ಮಾತಾಡುವಾಗ ಇದರಲ್ಲಿ ಎಷ್ಟು ಉಳಿಯುತ್ತದೆ? ಸುಮಾರು 14,000 ಕಿಲೋಮೀಟರ್ ದೂರ; ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಎಳೆ ನೇರವಾಗಿ ಎಳೆದಿದ್ದರೂ 70 ಮಿಲಿಸೆಕೆಂಡು ಅದಕ್ಕೇ ಹೋಯಿತು. ಕೋಡೆಕ್ಕಿನ ಕೆಲಸ, ಏರುಪೇರು ಸರಿದೂಗಿಸುವ ಬಫರು ಇವೆಲ್ಲ ಕಳೆದರೆ ಮನೆಯ ರೌಟರು ತನ್ನದೆಂದು ಬಳಸಬಹುದಾದ್ದು ಬೆರಳೆಣಿಕೆಯ ಮಿಲಿಸೆಕೆಂಡುಗಳು.

ಈಗ ಅದೇ ಮನೆಯಲ್ಲಿ ಒಂದು ಫೋನು ಮದುವೆಯ ಫೋಟೊಗಳನ್ನು ಕ್ಲೌಡಿಗೆ ಏರಿಸಲು ತೊಡಗಲಿ. ತಲಾ 4 ಮೆಗಾಬೈಟಿನ 20 ಫೋಟೊ, ಅಪ್‌ಲೋಡ್ ವೇಗ 10 ಎಂಬಿಪಿಎಸ್. ಕೆಲಸ ಮುಗಿಯಲು 64 ಸೆಕೆಂಡು ಬೇಕು. ಫೋನು ವೈಫೈ ಮೂಲಕ ಪ್ಯಾಕೆಟ್‌ಗಳನ್ನು ಅದಕ್ಕಿಂತ ಬಹಳ ವೇಗವಾಗಿ ರೌಟರಿಗೆ ಸುರಿಯುತ್ತದೆ. ಹೊರಹೋಗುವ ದಾರಿ ಕಿರಿದಾದ್ದರಿಂದ ಅವು ಬಫರಿನಲ್ಲಿ ಕಾಯುತ್ತವೆ. ಲಿನಕ್ಸಿನಲ್ಲಿ ಬಹುಕಾಲ ರೂಢಿಯಲ್ಲಿದ್ದ ಮಿತಿ 1,000 ಪ್ಯಾಕೆಟ್. ಒಂದಕ್ಕೆ 1,500 ಬೈಟಿನಂತೆ ಅದು ತುಂಬಿದರೆ 1.2 ಕೋಟಿ ಬಿಟ್, ಖಾಲಿಯಾಗಲು 1.2 ಸೆಕೆಂಡು. ಮಾತಿನ 120 ಬೈಟಿನ ಪ್ಯಾಕೆಟ್ ಬಂದು ಈ ಸಾಲಿನ ಕೊನೆಗೆ ನಿಲ್ಲುತ್ತದೆ. 150 ಮಿಲಿಸೆಕೆಂಡಿನ ಲೆಕ್ಕ ಹಾಕಿ ಕೂತವರಿಗೆ ಮನೆಯೊಳಗೇ ಅದರ ಎಂಟು ಪಟ್ಟು ಖರ್ಚಾಗುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ಪೂರ್ತಿ 10 ಎಂಬಿಪಿಎಸ್ ತೋರಿಸುತ್ತದೆ. ಕಂಪನಿಯ ಸಹಾಯವಾಣಿ ಸಂಪರ್ಕ ಸರಿಯಿದೆ ಎನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅಳೆಯಬೇಕಾದದ್ದನ್ನು ಯಾರೂ ಅಳೆದಿಲ್ಲ.

ಈ ತೊಂದರೆಯ ಬೇರು ಹಳೆಯದು. ಬಫರು ಅಪರಿಮಿತವಾಗಿದ್ದರೂ ಜಾಲ ಕುಸಿಯಬಲ್ಲದು ಎಂದು ಜಾನ್ ನೇಗಲ್ 1985ರಲ್ಲೇ ಆರ್‌ಎಫ್‌ಸಿ 970ರಲ್ಲಿ ತೋರಿಸಿದ್ದರು. ಪ್ರತಿ ಮೂಲಕ್ಕೂ ಬೇರೆ ಸರತಿ ಕೊಟ್ಟು ಸುತ್ತುಸರದಿಯಲ್ಲಿ ಬಿಡಬೇಕೆಂಬ ಪರಿಹಾರವೂ ಅದರಲ್ಲಿದೆ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ದಟ್ಟಣೆಯಿಂದ 32 ಕೆಬಿಪಿಎಸ್‌ನಿಂದ ಸೆಕೆಂಡಿಗೆ 40 ಬಿಟ್‌ಗೆ ಕುಸಿಯಿತು. ಅದನ್ನು ಅಭ್ಯಸಿಸಿದ ವ್ಯಾನ್ ಜೇಕಬ್ಸನ್ 1988ರಲ್ಲಿ, ದತ್ತಾಂಶ ಸಾಗಿಸುವ ನಿಯಮಾವಳಿಯಾದ ಟಿಸಿಪಿಗೆ ದಟ್ಟಣೆ ಅರಿತು ನಿಧಾನಿಸುವ ಕ್ರಮ ಕಲಿಸಿದರು. ಆ ಕ್ರಮ ನಿಂತಿರುವುದು ಒಂದು ಸೂಚನೆಯ ಮೇಲೆ: ಪ್ಯಾಕೆಟ್ ಕಳೆದುಹೋಯಿತೆಂದರೆ ದಾರಿ ತುಂಬಿದೆ. ಮೆಮೊರಿ ಅಗ್ಗವಾದಂತೆ ತಯಾರಕರು ಒಂದು ಪ್ಯಾಕೆಟ್ಟೂ ಕಳೆಯಬಾರದೆಂದು ದೊಡ್ಡ ದೊಡ್ಡ ಬಫರುಗಳನ್ನು ಇಟ್ಟರು. ಸೂಚನೆ ತಡವಾಯಿತು, ಕಳಿಸುವವರು ಬಫರು ತುಂಬುವವರೆಗೂ ನಿಲ್ಲಲಿಲ್ಲ. 2010ರಲ್ಲಿ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಕಂಡ ಜಿಮ್ ಗೆಟಿಸ್ ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರು ಕೊಟ್ಟು ಪ್ರಚಾರಕ್ಕೆ ತಂದರು.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್ಸನ್ ಪ್ರಕಟಿಸಿದ ಕೋಡೆಲ್ ವಿಧಾನ ಸರತಿಯಲ್ಲಿರುವ ಪ್ಯಾಕೆಟ್‌ಗಳನ್ನು ಎಣಿಸುವುದಿಲ್ಲ, ಪ್ರತಿಯೊಂದೂ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಒಳಬರುವಾಗ ಸಮಯದ ಮೊಹರು, ಹೊರಹೋಗುವಾಗ ಲೆಕ್ಕ. ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗಿಳಿಯದೆ 100 ಮಿಲಿಸೆಕೆಂಡು ಕಳೆದರೆ ಒಂದು ಪ್ಯಾಕೆಟ್ ಬಿಸಾಡುತ್ತದೆ. ಆಮೇಲೂ ಇಳಿಯದಿದ್ದರೆ ಬಿಸಾಡುವ ಅಂತರವನ್ನು ಕಿರಿದು ಮಾಡುತ್ತ ಹೋಗುತ್ತದೆ. ಕ್ಷಣಕಾಲ ಉಕ್ಕಿ ಇಳಿಯುವ ಸರತಿಗೆ ತೊಂದರೆಯಿಲ್ಲ, ಇಳಿಯದೆ ಬೇರೂರಿದ ಸರತಿಗೆ ಮಾತ್ರ ಶಿಕ್ಷೆ. ಈ ವಿವೇಚನೆಯೇ ಕೋಡೆಲ್‌ನ ಹೆಚ್ಚುಗಾರಿಕೆ ಎಂದು ನನ್ನ ಎಣಿಕೆ.

ಎರಿಕ್ ಡ್ಯುಮಾಜೆ ಇದಕ್ಕೆ ಬೇರೆ ಬೇರೆ ಸರತಿಗಳ ವ್ಯವಸ್ಥೆ ಸೇರಿಸಿದರು. ಆ ಎಫ್‌ಕ್ಯೂ-ಕೋಡೆಲ್ 2012ರ ಜುಲೈಯಲ್ಲಿ ಲಿನಕ್ಸ್ 3.5ರೊಂದಿಗೆ ಬಂತು, 2018ರಲ್ಲಿ ಆರ್‌ಎಫ್‌ಸಿ 8290 ಆಯಿತು. ಅದು ಪ್ಯಾಕೆಟ್‌ಗಳನ್ನು ಸಂಪರ್ಕವಾರು 1,024 ಸರತಿಗಳಿಗೆ ಹಂಚುತ್ತದೆ. ತನ್ನ ಸರತಿಯಲ್ಲಿ ಏನೂ ಬಾಕಿ ಇಲ್ಲದೆ ಹೊಸದಾಗಿ ಬಂದ ಪ್ಯಾಕೆಟ್ಟಿಗೆ ಮೊದಲ ಅವಕಾಶ. ರಾಶಿ ಹಾಕಿಕೊಂಡು ಕೂತ ಸಂಪರ್ಕ ಹಿಂದಿನ ಸಾಲಿಗೆ. 20 ಮಿಲಿಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಕಳಿಸುವ ಕರೆಗೆ ಬಾಕಿಯೆಂಬುದೇ ಇರುವುದಿಲ್ಲವಾದ್ದರಿಂದ ಅದು ಸಾಮಾನ್ಯವಾಗಿ ಮುಂದೆ ಹೋಗುತ್ತದೆ. ಇದು ವಾಟ್ಸ್‌ಆ್ಯಪ್ ಕರೆ ಎಂದು ರೌಟರಿಗೆ ಯಾರೂ ಹೇಳಬೇಕಾಗಿಲ್ಲ. ಹೆಚ್ಚಿನ ಸಂಚಾರ ಗೂಢಲಿಪೀಕರಣಗೊಂಡಿರುವ ಈ ಕಾಲದಲ್ಲಿ ಪ್ಯಾಕೆಟ್ಟಿನ ಒಳಗು ನೋಡಿ ಇದು ಕರೆ, ಇದು ಸಿನಿಮಾ ಎಂದು ವಿಂಗಡಿಸುವುದು ದಿನದಿನಕ್ಕೆ ಕಷ್ಟವಾಗುತ್ತಿದೆ. ನಡವಳಿಕೆ ನೋಡಿ ಸರದಿ ಕೊಡುವ ಈ ಕ್ರಮಕ್ಕೆ ಆ ಕಷ್ಟವಿಲ್ಲ, ಮನೆಯವರ ಖಾಸಗಿ ಮಾತಿನೊಳಗೆ ಇಣುಕುವ ಅಗತ್ಯವೂ ಇಲ್ಲ.

ಇನ್ನೊಂದು ಲಾಭ ಅಷ್ಟಾಗಿ ಚರ್ಚೆಯಾಗಿಲ್ಲ. ವಿಡಿಯೊ ಕರೆಯ ಹಲವು ತಂತ್ರಾಂಶಗಳು ವಿಳಂಬ ಏರತೊಡಗಿದರೆ ದಟ್ಟಣೆಯೆಂದು ತಿಳಿದು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಪ್ಯಾಕೆಟ್ ಕಳೆಯುವ ತನಕ ನಿಧಾನಿಸದ ಟಿಸಿಪಿ ಅದೇ ಸರತಿಯಲ್ಲಿದ್ದರೆ ಸಭ್ಯ ತಂತ್ರಾಂಶ ಹಿಂದೆ ಸರಿಯುತ್ತ ಹೋಗುತ್ತದೆ; ಮುಖಗಳು ಮಸುಕಾಗುತ್ತವೆ. ಸರತಿ ಬೇರೆಯಾದರೆ ಪರರು ಉಂಟುಮಾಡಿದ ವಿಳಂಬ ಅದರ ಕಣ್ಣಿಗೇ ಬೀಳುವುದಿಲ್ಲ.

ಇಷ್ಟಾದರೂ ಒಂದು ಷರತ್ತಿದೆ: ಸರತಿ ಬೆಳೆಯುವುದು ಅತಿ ಕಿರಿದಾದ ಜಾಗದಲ್ಲಿ. ಮನೆಯ ರೌಟರು ಎಷ್ಟೇ ಜಾಣನಾದರೂ ಅದರಾಚೆ ಫೈಬರ್ ಬಂದು ಸೇರುವ ಓಎನ್‌ಟಿ ಅಥವಾ ಮೋಡೆಮ್ಮಿನಲ್ಲಿ ಸರತಿ ಬೆಳೆದರೆ ರೌಟರಿಗೆ ಮಾಡಲು ಕೆಲಸವಿಲ್ಲ. ಆದ್ದರಿಂದ ಸಂಪರ್ಕದ ನಿಜವಾದ ವೇಗಕ್ಕಿಂತ ತುಸು ಕಡಿಮೆಗೆ, ಶೇ 85ರಿಂದ 95ರ ಒಳಗೆ, ರೌಟರಿನಲ್ಲೇ ಮಿತಿ ಹಾಕಬೇಕು. ಆಗ ಸರತಿ ನಮ್ಮ ಹಿಡಿತಕ್ಕೆ ಬರುತ್ತದೆ. ಡೌನ್‌ಲೋಡಿನಲ್ಲಿ ಈ ಹಿಡಿತ ಪರೋಕ್ಷ: ಬಂದ ಪ್ಯಾಕೆಟ್ ಬಿಸಾಡಿ ದೂರದ ಸರ್ವರ್ ನಿಧಾನಿಸಲೆಂದು ಕಾಯಬೇಕು. ಹಣ ಕೊಟ್ಟ ವೇಗದಲ್ಲಿ ಒಂದಷ್ಟು ಬಿಟ್ಟುಕೊಡಲು ಹಲವರಿಗೆ ಮನಸ್ಸೊಪ್ಪುವುದಿಲ್ಲ, ಆದರೆ ಆ ಶೇ 10ಕ್ಕೆ ಬದಲಾಗಿ ಒಂದು ಸೆಕೆಂಡಿನ ವಿಳಂಬ ಹತ್ತಾರು ಮಿಲಿಸೆಕೆಂಡಿಗೆ ಇಳಿಯುವುದಾದರೆ ಅದು ನಷ್ಟದ ವ್ಯಾಪಾರವಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ರೌಟರ್ ತಂತ್ರಾಂಶದಲ್ಲಿ ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಇದೆಲ್ಲ ಸಿದ್ಧವಾಗಿ ಸಿಗುತ್ತದೆ. ಕಡಿಮೆ ಬೆಲೆಯ ರೌಟರಿನ ಪ್ರೊಸೆಸರ್ ಕೆಲವು ನೂರು ಎಂಬಿಪಿಎಸ್ ವೇಗದಲ್ಲಿ ಈ ಕೆಲಸ ಮಾಡಲಾರದೆ ದಣಿಯುತ್ತದೆ ಎಂಬುದನ್ನೂ ಹೇಳಬೇಕು.

ಹಾಗಾದರೆ ಆದ್ಯತೆಗೆ ಜಾಗವೇ ಇಲ್ಲವೇ? ಇದೆ, ಸಣ್ಣದು. 1 ಎಂಬಿಪಿಎಸ್ ಅಪ್‌ಲೋಡಿನಲ್ಲಿ 1,500 ಬೈಟಿನ ಒಂದೇ ಪ್ಯಾಕೆಟ್ ಹೊರಹೋಗಲು 12 ಮಿಲಿಸೆಕೆಂಡು ಬೇಕು. ಅಂಥ ಕಡೆ ಧ್ವನಿಯನ್ನು ಬೇರ್ಪಡಿಸಿ ಮುಂದೆ ಬಿಡುವುದು ಸರಿಯೇ. 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರಿದ ಕೇಕ್ ವ್ಯವಸ್ಥೆ ಹಿನ್ನೆಲೆ ಕೆಲಸ, ಸಾಮಾನ್ಯ, ವಿಡಿಯೊ, ಧ್ವನಿ ಎಂಬ ನಾಲ್ಕು ವರ್ಗಗಳನ್ನು ಗುರುತಿಸಬಲ್ಲದು. ನನಗೆ ಅದಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಅದರ ಇನ್ನೊಂದು ಗುಣ: ಪಾಲನ್ನು ಮೊದಲು ಸಾಧನಗಳ ನಡುವೆ ಹಂಚಿ, ಆಮೇಲೆ ಸಾಧನದೊಳಗಿನ ಸಂಪರ್ಕಗಳ ನಡುವೆ ಹಂಚುವುದು. ಹತ್ತಾರು ಸಂಪರ್ಕ ತೆರೆದ ಟಾರೆಂಟ್ ಕಂಪ್ಯೂಟರೂ ಒಂದೇ ಸಂಪರ್ಕದ ಅಜ್ಜಿಯ ಫೋನೂ ಅಲ್ಲಿ ಸರಿಸಮಾನ. ವರ್ಗದ ಗುರುತನ್ನು ಪ್ಯಾಕೆಟ್ಟಿನ ತಲೆಬರಹದಲ್ಲಿ ಬರೆಯುವ ಪದ್ಧತಿ 1998ರ ಆರ್‌ಎಫ್‌ಸಿ 2474ರಿಂದಲೂ ಇದೆ, ಆದರೆ ದಾರಿಯ ಜಾಲಗಳು ಆಗಾಗ ಅದನ್ನು ಅಳಿಸಿಬಿಡುವುದರಿಂದ ಹೊರಗಿನಿಂದ ಬರುವ ಗುರುತನ್ನು ನಂಬುವಂತಿಲ್ಲ.

ಕರ್ನಾಟಕದ ಮನೆಗಳಲ್ಲಿ ದೊಡ್ಡ ಅಡ್ಡಿ ಬೇರೆಯೇ. ಫೈಬರ್ ಸಂಪರ್ಕದೊಂದಿಗೆ ಕಂಪನಿಯೋ ಊರಿನ ಕೇಬಲ್ ಆಪರೇಟರೋ ಓಎನ್‌ಟಿ ಮತ್ತು ರೌಟರ್ ಎರಡೂ ಒಂದಾದ ಪೆಟ್ಟಿಗೆ ತಂದು ಕೂರಿಸುತ್ತಾರೆ. ಅದರ ತಂತ್ರಾಂಶ ಬದಲಿಸಲು ಬಳಕೆದಾರರಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಅದನ್ನು, ರೌಟರಿನ ಕೆಲಸ ಬಿಟ್ಟು ಸಂಕೇತವನ್ನಷ್ಟೇ ದಾಟಿಸುವ ಬ್ರಿಜ್ ಮೋಡ್‌ಗೆ ಹಾಕಿಸಿ ಹಿಂದೆ ತಮ್ಮದೇ ರೌಟರ್ ಇಟ್ಟುಕೊಳ್ಳುವುದೊಂದೇ ದಾರಿ. ದೂರಸಂಪರ್ಕ ಇಲಾಖೆ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗವನ್ನು 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಆ ವ್ಯಾಖ್ಯೆಯಲ್ಲಿ ಪರಸ್ಪರ ಸಂವಹನದ ಸೇವೆಗಳ ಮಾತು ಇದೆ, ಅಂಕಿ ಇರುವುದು ಡೌನ್‌ಲೋಡ್ ವೇಗಕ್ಕೆ ಮಾತ್ರ. ಸಂಪರ್ಕ ತುಂಬಿ ಓಡುತ್ತಿರುವಾಗಿನ ವಿಳಂಬಕ್ಕೂ ಒಂದು ಅಂಕಿ ಸೇರಬೇಕು. ಅಳೆಯುವುದು ಕಷ್ಟವಲ್ಲ: ಸುಮ್ಮನಿರುವಾಗ ಒಮ್ಮೆ, ದೊಡ್ಡ ಫೈಲ್ ಏರಿಸುತ್ತಿರುವಾಗ ಒಮ್ಮೆ ಪಿಂಗ್ ಮಾಡಿದರೆ ಎರಡರ ನಡುವಿನ ವ್ಯತ್ಯಾಸವೇ ಸರತಿಯ ಉದ್ದ.

ವೈಫೈ ಮತ್ತು 5ಜಿ ಮನೆಸಂಪರ್ಕಗಳಲ್ಲಿ ಕೆಲಸ ಇನ್ನೂ ಬಾಕಿಯಿದೆ. ವೈಫೈಯಲ್ಲಿ ದೂರದ ಕೋಣೆಯ ಒಂದು ನಿಧಾನ ಫೋನು ಪ್ರಸಾರದ ಸಮಯವನ್ನೆಲ್ಲ ತಿಂದು ಉಳಿದವರನ್ನೂ ನಿಧಾನ ಮಾಡುತ್ತದೆ. ಪ್ಯಾಕೆಟ್ ಬದಲು ಸಮಯವನ್ನೇ ಸಮನಾಗಿ ಹಂಚುವ ಕ್ರಮ ಲಿನಕ್ಸಿನ ಕೆಲವು ಚಾಲಕ ತಂತ್ರಾಂಶಗಳಿಗೆ ಬಂದಿದೆ, ಎಲ್ಲಕ್ಕೂ ಬಂದಿಲ್ಲ. 5ಜಿಯಲ್ಲಿ ವೇಗವೇ ಗಳಿಗೆಗೊಂದು ಥರ. ಬೆಳಿಗ್ಗೆ ಹಾಕಿದ ಶೇ 90ರ ಮಿತಿ ಸಂಜೆಯ ದಟ್ಟಣೆಯಲ್ಲಿ ನಿಜವಾದ ವೇಗಕ್ಕಿಂತ ಮೇಲಾಗಿ ಸರತಿ ಮತ್ತೆ ಟವರಿನ ಕಡೆಗೆ ಜಾರುತ್ತದೆ. ವಿಳಂಬವನ್ನು ಕ್ಷಣಕ್ಷಣಕ್ಕೆ ಅಳೆದು ಮಿತಿಯನ್ನು ತಾನೇ ಏರಿಸಿ ಇಳಿಸುವ ಪ್ರಯತ್ನಗಳು ಮುಕ್ತ ತಂತ್ರಾಂಶದ ಬಳಗದಲ್ಲಿ ನಡೆದಿವೆ. ಫೈಬರ್ ತಲುಪದ ಮಲೆನಾಡಿನ ಮನೆಗಳಿಗೆ ಉಪಯೋಗಕ್ಕೆ ಬರುವುದು ಮುಂದೆ ಆ ದಿಕ್ಕಿನ ಸಂಶೋಧನೆಯೇ.